ಧನೋಪದೇಶದ ಗ್ರಂಥಗಳು

ಐಶ್ವರ್ಯವನ್ನು ಸಂಪಾದಿಸುವ ಬಗೆಯನ್ನೂ ಅದಕ್ಕೆ ತಕ್ಕ ಮನೋವೃತ್ತಿಯನ್ನೂ ಉಪದೇಶಿಸುವ ಅಮೇರಿಕೆಯ ಗ್ರಂಥಗಳು ಈಗ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ದೊರೆಯುತ್ತಿರುವದರಿಂದ, ಎರಡು ನುಡಿಗಳ ಊರಾದ ನಿಪ್ಪಾಣಿಯ ತರುಣರಿಗೆ ಅವು ಅಪರಿಚಿತವಾಗಿ ಉಳಿದಿಲ್ಲ. ಇವನ್ನು ಓದದೆಯೇ ಹಳಿಯುವ ವಿದ್ವಾಂಸರುಂಟು, ಅದು ನ್ಯಾಯವಲ್ಲ. ಅರ್ಥವನ್ನು ಪುರುಷಾರ್ಥಗಳಲ್ಲಿ ಒಂದೆಂದು ಪ್ರಾಚೀನರೇ ಎಣಿಸಿರುವರು.

ಇವುಗಳಲ್ಲಿ ಜಾರ್ಜ್ ಕ್ಲಾಸನ್ನನು 1926ರಲ್ಲಿ ಹೊರತಂದ ಬ್ಯಾಬಿಲೋನಿನ ಕಥೆಗಳು ತಕ್ಕಮಟ್ಟಿಗೆ ನಿರ್ದೋಷವಾದವು. ಗಳಿಕೆಯ ಹತ್ತನೆಯ ಒಂದು ಪಾಲನ್ನು ಮೊದಲು ತೆಗೆದಿರಿಸಬೇಕೆಂಬದು ಮನೆಯ ಅಜ್ಜಿಯೂ ಹೇಳುವ ಮಾತು. ಈ ಕಥೆಗಳನ್ನು ಮೊದಲು ಬ್ಯಾಂಕುಗಳೂ ವಿಮಾ ಕಂಪನಿಗಳೂ ಕಿರುಹೊತ್ತಗೆಗಳಾಗಿ ಹಂಚಿದವೆಂಬದನ್ನು ಮಾತ್ರ ವಾಚಕರು ನೆನಪಿನಲ್ಲಿಡತಕ್ಕದ್ದು.

ನೆಪೋಲಿಯನ್ ಹಿಲ್ಲನ ‘ಥಿಂಕ್ ಅಂಡ್ ಗ್ರೋ ರಿಚ್’ (1937) ಬೇರೆ ಜಾತಿಯದು. ಬೇಕಾದ ಹಣದ ಮೊತ್ತವನ್ನು ಬರೆದಿಟ್ಟು ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಗಟ್ಟಿಯಾಗಿ ಓದಬೇಕೆಂದು ಈತನ ವಿಧಿ. ಇದನ್ನು ಬರಿಯ ಸಂಕಲ್ಪವೆಂದು ನಗುವದು ಸುಲಭ. ಆದರೆ ಹಣಕ್ಕೆ ಪ್ರತಿಯಾಗಿ ತಾನು ಏನು ಕೊಡುವೆನೆಂಬದನ್ನೂ ಬರೆಯಬೇಕೆಂದು ಆತನು ಹೇಳಿರುವನು. ದೋಷವಿರುವದು ಅದರ ಮುಂದೆ. ಕೊಡುವದನ್ನು ಬರೆಯಬಹುದು, ಅದಕ್ಕೆ ಬೆಲೆಯನ್ನು ಬರೆಯುವವನು ಯಾರು? ಈ ಪ್ರಶ್ನೆಗೆ ಗ್ರಂಥವು ಕೊಡುವ ಉತ್ತರವು ಸಾಲದು. ಆದಕಾರಣ ಬಡವನಾಗಿ ಉಳಿದವನಿಗೆ ತನ್ನ ಮನಸ್ಸೇ ಅಪರಾಧಿಯೆಂದು ತೋರುವದು.

1997ರ ‘ರಿಚ್ ಡ್ಯಾಡ್ ಪೂರ್ ಡ್ಯಾಡ್’ ಗ್ರಂಥದಲ್ಲಿ ರಾಬರ್ಟ್ ಕಿಯೋಸಾಕಿಯು ಓದಿದ, ಸಂಬಳದ ತಂದೆಯನ್ನು ಬಡವನೆಂದೂ, ಗೆಳೆಯನ ವ್ಯಾಪಾರಿ ತಂದೆಯನ್ನು ಶ್ರೀಮಂತನೆಂದೂ ಎದುರುಬದುರು ನಿಲ್ಲಿಸಿರುವನು. ಶಾಲೆಯ ಮಾಸ್ತರರಿಗೆ ಈ ಪುಸ್ತಕವನ್ನು ಬಹುಮಾನವಾಗಿ ಕೊಡಲಾಗದು! ಕಿಸೆಗೆ ಹಣ ತರುವದು ಆಸ್ತಿ, ಕಿಸೆಯಿಂದ ಒಯ್ಯುವದು ಹೊರೆ. ವಾಸದ ಮನೆಯು ಆಸ್ತಿಯಲ್ಲವೆಂಬದು ಇದರ ಪ್ರಸಿದ್ಧ ಸೂತ್ರ. ಸಾಲ ಮಾಡಿ ಅರಮನೆ ಕಟ್ಟುವವನಿಗೆ ಇದು ಹಿತವಾದ ಮಾತೇ. ಆದರೆ ನಿಪ್ಪಾಣಿಯಲ್ಲಿ ಮನೆಯಲ್ಲಿಯೇ ಕುಳಿತು, ಮೊರವನ್ನು ತೊಡೆಯ ಮೇಲಿಟ್ಟು ಬೀಡಿ ಕಟ್ಟುವ ಹೆಂಗಸಿನ ಮನೆ ಯಾವ ವರ್ಗಕ್ಕೆ ಸೇರಿತು? ಆಕೆಯ ಪಡಸಾಲೆಯೇ ಕಾರಖಾನೆ; ಅದಕ್ಕೆ ಬಾಡಿಗೆಯನ್ನು ಯಾರೂ ಕೊಡುವದಿಲ್ಲ. ಕೂಲಿ ಸಾವಿರ ಬೀಡಿಗೆ ಇಷ್ಟೆಂದು ಗೊತ್ತು. ಕೆಟ್ಟವೆಂದು ತೆಗೆದುಹಾಕಿದವುಗಳಿಗೆ ಕೂಲಿ ಉಂಟೋ ಇಲ್ಲವೋ ಎಂಬ ತಂಟೆಯನ್ನು 1966ರ ಬೀಡಿ ಕಾರ್ಮಿಕರ ಕಾಯಿದೆಯೇ ಹೆಸರಿಸಿ ಹೇಳಬೇಕಾಯಿತು. ಅಲ್ಲಿ ಆಕೆಯ ಮನೋವೃತ್ತಿಯ ಮಾತೇ ಬರುವದಿಲ್ಲ.

ಮಾರ್ಗನ್ ಹೌಸೆಲ್ಲನ ‘ದಿ ಸೈಕಾಲಜಿ ಆಫ್ ಮನಿ’ (2020) ಇವುಗಳಲ್ಲಿ ಹೆಚ್ಚು ವಿನಯವುಳ್ಳದ್ದು. ಬಿಲ್ ಗೇಟ್ಸನ ಏಳಿಗೆಗೆ ಅವನ ಶಾಲೆಯಲ್ಲಿ ಕಂಪ್ಯೂಟರ್ ಇದ್ದ ಅದೃಷ್ಟವೂ ಕಾರಣವೆಂದು ಇದು ಒಪ್ಪುವದು. ದೈವ, ಪುರುಷಕಾರ ಎಂಬ ಹಳೆಯ ಜೋಡಿಯಲ್ಲಿ ಉಳಿದವರು ಬಿಟ್ಟ ಒಂದನ್ನು ಈತನು ಮರಳಿ ತಂದನು. ಆದರೆ ಬೆಲೆ ಕಟ್ಟುವ ಪರರ ತಕ್ಕಡಿ ದೈವವೂ ಅಲ್ಲ, ಪುರುಷಕಾರವೂ ಅಲ್ಲ. 1981ರಲ್ಲಿ ತಂಬಾಕಿಗೆ ತಕ್ಕ ಬೆಲೆ ಬೇಕೆಂದು ಶರದ್ ಜೋಶಿಯವರ ಮುಂದಾಳುತನದಲ್ಲಿ ರೈತರು ನಿಪ್ಪಾಣಿಯ ಹತ್ತಿರ ಪುಣೆ-ಬೆಂಗಳೂರು ಹೆದ್ದಾರಿಯನ್ನು ತಡೆದು ಕುಳಿತದ್ದು ಆ ತಕ್ಕಡಿಯ ಮುಂದೆ. ಗೋಲಿಬಾರಿನಲ್ಲಿ ಕೆಲವರು ಪ್ರಾಣವನ್ನೂ ತೆತ್ತರು. ಅವರಲ್ಲಿ ಉದ್ಯಮಶೀಲತೆಯ ಕೊರತೆಯಿತ್ತೆಂದು ಯಾವ ಗ್ರಂಥಕರ್ತನು ಹೇಳಿಯಾನು?

ಆ ಕಾಲದಲ್ಲಿಯೇ ತಂಬಾಕಿನ ವಖಾರಿಗಳ ಹೆಂಗಸರು ಸಂಘ ಕಟ್ಟಿಕೊಂಡ ವೃತ್ತಾಂತವನ್ನು ಯುಗಾಂತರ ತಂಡದವರು 1982ರಲ್ಲಿ ಚಲಚ್ಚಿತ್ರವಾಗಿ ತೆಗೆದಿರುವರು. ಹಲವು ಮನಸ್ಸುಗಳು ಕೂಡಿದರೆ ಬಲ ಹೆಚ್ಚುವದೆಂದು ಹಿಲ್ಲನೂ ಒಂದು ಅಧ್ಯಾಯವನ್ನು ಬರೆದಿರುವನು. ಆದರೆ ಅಲ್ಲಿ ಕೂಡುವವರು ಒಬ್ಬ ಧನಾರ್ಥಿಯ ಉದ್ದೇಶವನ್ನು ನೆರವೇರಿಸುವದಕ್ಕಾಗಿ ಕೂಡುವರು. ಕೂಲಿಯವರು ತಮ್ಮ ಕೂಲಿಗಾಗಿ ಕೂಡುವ ಮಾತು ಆ ಅಧ್ಯಾಯದಲ್ಲಿ ಇಲ್ಲ.