ಸೋಲ್ ಅಲ್ಲ, ಸಿಯೋಲೂ ಅಲ್ಲ

ಕೊರಿಯನ್ ಅಕ್ಷರಗಳನ್ನ ಒಂದೇ ಗಂಟೇಲಿ ಕಲಿಸಿಬಿಡ್ತೀವಿ ಅನ್ನೋ ವಿಡಿಯೊಗಳ ಬಗ್ಗೆ ನನ್ನದೊಂದು ತಕರಾರಿದೆ. ಒಂದು ಗಂಟೆ ಅನ್ನೋದು ಪೂರ್ತಿ ಸುಳ್ಳೇನಲ್ಲ. ಹಂಗುಲ್ ಲಿಪಿಯಲ್ಲಿ ಮೂಲ ಅಕ್ಷರ ಇರೋದೇ 24: ವ್ಯಂಜನ 14, ಸ್ವರ 10. ಸೆಜೊಂಗ್ ದೊರೆ ಇದನ್ನ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ್ದು, ಚೀನೀ ಲಿಪಿ ಕಲಿಯಲಾಗದ ಸಾಮಾನ್ಯ ಜನರೂ ಬರೆಯುವಂತಾಗಲಿ ಅಂತ. ತಕರಾರು ಇರೋದು ಬೇರೆ ಕಡೆ. ಆ ಚಾರ್ಟುಗಳಲ್ಲಿ ಪ್ರತಿ ಅಕ್ಷರದ ಪಕ್ಕ ಒಂದು ಇಂಗ್ಲಿಷ್ ಸ್ಪೆಲಿಂಗ್ ಇರುತ್ತೆ. ನಾವು ಕಲಿಯೋದು ಅಕ್ಷರವನ್ನಲ್ಲ, ಆ ಸ್ಪೆಲಿಂಗನ್ನ.

ಈಗ ಬಳಕೆಯಲ್ಲಿರೋ ಸ್ಪೆಲಿಂಗ್ ಪದ್ಧತಿಯನ್ನ ದಕ್ಷಿಣ ಕೊರಿಯಾ ಸರ್ಕಾರ ತಂದಿದ್ದು 2000ದಲ್ಲಿ. ರಸ್ತೆ ಬೋರ್ಡಿಗೆ, ಮ್ಯಾಪಿಗೆ ಅದು ಸರಿ. ಆದರೆ ಒಂದು ಸ್ವರಕ್ಕೆ 'ಇ-ಓ' ಅಂತ ಎರಡು ಇಂಗ್ಲಿಷ್ ಅಕ್ಷರ, ಇನ್ನೊಂದಕ್ಕೆ 'ಇ-ಯು', ಮತ್ತೊಂದಕ್ಕೆ 'ಎ-ಇ'. ಇದನ್ನ ನೋಡಿ ನಾಲಿಗೆ ಹೊರಳಿಸಬೇಕು ಅಂದ್ರೆ ಹೇಗೆ? ನಮ್ಮ ಪೇಪರುಗಳು ಆ ರಾಜಧಾನಿಯನ್ನ ಒಂದಿನ ಸೋಲ್ ಅಂತಾವೆ, ಇನ್ನೊಂದಿನ ಸಿಯೋಲ್ ಅಂತಾವೆ. ಕೊರಿಯನ್ನರಿಗೆ ಅದು ಎರಡು ತುಂಡು: ಮೊದಲನೆಯದು 'ಸ'ಗೂ 'ಸೊ'ಗೂ ನಡುವಿನದು, ಎರಡನೆಯದು 'ಉಲ್'. ತರೀಕೆರೆ ಸ್ಟೇಷನ್ನಿನ ಬೋರ್ಡನ್ನ ಇಂಗ್ಲಿಷಲ್ಲಿ ಓದಿ ಯಾರಾದ್ರೂ 'ಟ್ಯಾರಿಕಿಯರ್' ಅಂದ್ರೆ ನಾವು ನಗ್ತೀವಿ. ಕಡೂರಲ್ಲಿರೋದು ಡ-ನೋ ದ-ನೋ ಅಂತ ಇಂಗ್ಲಿಷ್ ಬೋರ್ಡು ಹೇಳಲ್ಲ. ನಮಗೆ ಮೊದಲೇ ಗೊತ್ತಿರೋದರಿಂದ ನಡೀತದೆ, ಅಷ್ಟೆ.

ಇದು ಬರೀ ಉಚ್ಚಾರದ ಜಗಳ ಆಗಿದ್ರೆ ನಾನು ಬರೀತಿರಲಿಲ್ಲ. ತರೀಕೆರೆಯ ನಮ್ಮ ಚಿಕ್ಕಮ್ಮನ ಮಗಳು ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಈಗ ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸ. ಡ್ರಾಮಾ ನೋಡೀ ನೋಡೀ ಕೊರಿಯನ್ ಕಲಿಯೋಕೆ ಹೊರಟವಳು ಎರಡೇ ವಾರಕ್ಕೆ ಬಿಟ್ಟಳು. "ನನ್ನ ಇಂಗ್ಲಿಷ್ ಪ್ರನನ್ಸಿಯೇಷನ್ನೇ ಸರಿ ಇಲ್ಲ ಕಣಣ್ಣ, ಇನ್ನು ಇದೆಲ್ಲಿ ಬರುತ್ತೆ" ಅಂದಳು. ಕೊರಿಯನ್ನಿಗೂ ಅವಳಿಗೂ ನಡುವೆ ಇಂಗ್ಲಿಷಿಗೇನು ಕೆಲಸ? ಅವಳ ಹತ್ರ ಅದಕ್ಕಿಂತ ಒಳ್ಳೆಯ ಸಾಧನ ಇತ್ತು: ಕಾಗುಣಿತ, ಮತ್ತು ಹೈಸ್ಕೂಲಲ್ಲಿ ಬಾಯಿಪಾಠ ಮಾಡಿದ ಸಂಧಿ.

ಹಂಗುಲ್ ಅಕ್ಷರಗಳನ್ನ ಇಂಗ್ಲಿಷಿನ ಹಾಗೆ ಸಾಲಾಗಿ ಬರೆಯಲ್ಲ. ವ್ಯಂಜನಕ್ಕೆ ಸ್ವರ ಸೇರಿಸಿ ಒಂದು ಚೌಕ ಮಾಡ್ತಾರೆ. ಸ್ವರ ಬಲಕ್ಕೋ ಕೆಳಕ್ಕೋ ಕೂರುತ್ತೆ. ಕ, ಕಿ, ಕು ಬರೆದ ಕೈಗೆ ಇದರಲ್ಲಿ ಹೊಸದೇನಿದೆ? ಚೌಕದ ತಳದಲ್ಲಿ ಒಂದು ಸಣ್ಣ ಸೊನ್ನೆ ಬಂದರೆ ಅದು 'ಬೆಂಕಿ'ಯಲ್ಲಿರೋ ಸೊನ್ನೆಯ ಸದ್ದೇ, ಅಂದ್ರೆ ವರ್ಣಮಾಲೆಯಲ್ಲಿ ಸುಮ್ಮನೆ ಕೂತಿರೋ ನಮ್ಮ 'ಙ'. ಕಾಕತಾಳೀಯ ಇರಬಹುದು, ಆದ್ರೆ ಎಂಥ ಅನುಕೂಲ!

ಸಂಧಿ ಇನ್ನೂ ಮಜಾ. ಮಳೆ, ಕಾಲ ಸೇರಿ ಮಳೆಗಾಲ ಆಗೋದು ಆದೇಶ ಸಂಧಿ. ಕೊರಿಯನ್ನಲ್ಲೂ ಪದದ ಮೊದಲಿಗೆ ಕ, ತ, ಪ ಥರ ಕೇಳೋ ಅಕ್ಷರಗಳು ಎರಡು ಸ್ವರಗಳ ಮಧ್ಯೆ ಬಂದ ಕೂಡ್ಲೆ ಗ, ದ, ಬ ಆಗ್ತಾವೆ. ಡ್ರಾಮಾಗಳಲ್ಲಿ ಪೆದ್ದನಿಗೆ ಅನ್ನೋ 'ಪಾಬೊ'ದಲ್ಲಿ ಎರಡೂ ಕಡೆ ಇರೋದು ಒಂದೇ ಅಕ್ಷರ. 'ಥ್ಯಾಂಕ್ಸ್' ಅನ್ನೋ ಪದದ ಕೊನೆಯಲ್ಲಿ ಬರೆಯೋದು 'ಹಪ್‌ನಿದ', ಅನ್ನೋದು 'ಹಮ್ನಿದ'. ವಾಕ್, ಮಯ ಸೇರಿ ವಾಙ್ಮಯ ಆದ ಹಾಗೆ. ಇಂಗ್ಲಿಷ್ ವಿಡಿಯೊಗಳು ಇದನ್ನ ಹತ್ತನೇ ಪಾಠಕ್ಕೆ ದೊಡ್ಡ ಗುಮ್ಮನ ಥರ ತರ್ತಾವೆ. ನಮ್ಮಲ್ಲಿ ಇದಕ್ಕೆ ಅನುನಾಸಿಕ ಸಂಧಿ ಅನ್ನೋ ಹೆಸರೇ ಇದೆ, ಪರೀಕ್ಷೇಲಿ ಕೇಳಿದ್ದಾರೆ.

ಹಂಗುಲ್ ಅನ್ನೋ ಹೆಸರಿನ ಕೊನೆಯ ಸ್ವರಾನೇ ತಗೊಳ್ಳಿ, ಚಾರ್ಟಿನ 'ಇ-ಯು'. ತುಟಿ ಮುಂದಕ್ಕೆ ಚಾಚದೆ ಉ ಅನ್ನಬೇಕು. ತುಳು ಪದಗಳ ಕೊನೆಯಲ್ಲಿ ಬರೋ ಅರ್ಧ ಉಕಾರ ಕೇಳಿದವರಿಗೆ ತಕ್ಷಣ ಗೊತ್ತಾಗುತ್ತೆ. ನಾವು ಬಸ್ಸಿಗೆ 'ಉ' ಸೇರಿಸಿ ಬಸ್ಸು ಅಂದ ಹಾಗೆ ಅವರೂ ಬಸ್ಸಿನ ಕೊನೆಗೆ ಈ ಸ್ವರ ಅಂಟಿಸ್ತಾರೆ.

ಹಾಗಂತ ಕನ್ನಡದಲ್ಲಿ ಎಲ್ಲಾ ಸಿಗುತ್ತೆ ಅಂದ್ರೆ ಅದೂ ಮೋಸವೇ. ದೊಡ್ಡ ಬಲೆ ಅಂದ್ರೆ ಒತ್ತಕ್ಷರ. ಚೌಕದ ತಳದಲ್ಲಿರೋ ವ್ಯಂಜನವನ್ನ ಕೊರಿಯನ್ನರು 'ಪಾಚಿಮ್' ಅಂತಾರೆ, ಆಸರೆ ಅಂತ ಅರ್ಥ. ಮೇಲೆ ಹ, ಕೆಳಗೆ ನ ಕಂಡ್ರೆ ನಮ್ಮ ಕಣ್ಣು 'ಹ್ನ' ಅಂತ ಓದಿಬಿಡುತ್ತೆ. ಅದು 'ಹನ್'. ನಮ್ಮಲ್ಲಿ ಸ್ವರ ಒತ್ತಿನ ನಂತರ, ಅವರಲ್ಲಿ ಮುಂಚೆ. ನಮ್ಮ ಮೂರು ಊರು ಬರೆದು ನೋಡಿ. ಅಜ್ಜಂಪುರ ನಾಲ್ಕು ಚೌಕ: 'ಅ' ಒಂದೇ ನಿಲ್ಲೋ ಹಾಗಿಲ್ಲ, ಅದರ ಮುಂದೆ ಸದ್ದಿಲ್ಲದ ಸೊನ್ನೆ ಇಡಬೇಕು, 'ಜಂ' ಕೆಳಗೆ ಮ ಕೂರುತ್ತೆ, ಜ್ಜ ಒತ್ತು ಹೋಯ್ತು. ತರೀಕೆರೆಯ ದೀರ್ಘ ಹೋಯ್ತು. ಕಡೂರಿನ ಡ, ದ ಆಯ್ತು.

ನಿಜವಾಗ್ಲೂ ಕಷ್ಟ ಇರೋದು ತ-ಗಳಲ್ಲಿ. ಚಂದ್ರ, ಮಗಳು, ಮುಖವಾಡ: ಈ ಮೂರಕ್ಕೂ ಕೊರಿಯನ್ನಲ್ಲಿ ನಮ್ಮ ಕಿವಿಗೆ 'ತಲ್' ಥರವೇ ಕೇಳೋ ಪದಗಳಿವೆ. ಮುಖವಾಡದ್ದು 'ಥ'. ಮಗಳದ್ದು 'ಅತ್ತೆ'ಯಲ್ಲಿ ಬರೋ ಹಾಗೆ ಬಿಗಿಯಾದ ತ. ಚಂದ್ರನದ್ದು ಎರಡೂ ಅಲ್ಲ, ದ-ನೂ ಅಲ್ಲ; ಸ್ವಲ್ಪ ಉಸಿರಿರುತ್ತೆ, ದನಿ ಕೆಳಗಿಳಿಯುತ್ತೆ. ಪುಸ್ತಕದಲ್ಲಿ ಮಹಾಪ್ರಾಣ ಬರೆದು ಬಾಯಲ್ಲಿ 'ಕತೆ', 'ಬಾಷೆ' ಅನ್ನೋ ನಮಗೆ ಮೊದಲನೆಯದೇ ಕಷ್ಟ, ಕೊನೆಯದಕ್ಕಂತೂ ಅಕ್ಷರವೇ ಇಲ್ಲ. ಯಾರಾದ್ರೂ ಕನ್ನಡದಲ್ಲಿ ಚಾರ್ಟ್ ಮಾಡೋದಾದ್ರೆ ಆ ಅಕ್ಷರದ ಪಕ್ಕ ಏನೂ ಬರೀಬೇಡಿ. ಒಂದು ಆಡಿಯೊ ಲಿಂಕ್ ಹಾಕಿ, ಮೂರೂ ಪದ ಒಟ್ಟಿಗೆ ಕೇಳೋ ಹಾಗೆ.