ಒಂದು ಮೊಳ ಕಡಿಮೆ

2011ರಲ್ಲಿ ಸ್ಕಾಟ್ಲೆಂಡಿನ ವಾಯವ್ಯ ಮೂಲೆಯ ಒಂದು ಬೆಟ್ಟವನ್ನು ಹೊಸದಾಗಿ ಅಳೆದರು. ಲೆಕ್ಕ ಬಂದದ್ದು 913.96 ಮೀಟರ್. ಬೇಕಿದ್ದದ್ದು 914.4, ಅಂದರೆ 3,000 ಅಡಿ. ಹೆಚ್ಚುಕಮ್ಮಿ ಒಂದು ಮೊಳದ ಕೊರತೆ. ಮರುವರ್ಷ ಬೆನ್ ಅ ಖ್ಲಾಯ್ ಎಂಬ ಆ ಬೆಟ್ಟ 'ಮನ್ರೊ' ಪಟ್ಟಿಯಿಂದ ಹೊರಬಿತ್ತು. 283 ಇದ್ದದ್ದು 282 ಆಯಿತು. ಬೆಟ್ಟ ಇದ್ದಲ್ಲೇ ಇತ್ತು. ತಲೆಬಿಸಿಯಾದದ್ದು ನಡೆಯುವವರಿಗೆ: ಇನ್ನು ಅದನ್ನು ಹತ್ತಬೇಕೋ, ಬಿಡಬೇಕೋ?

ಪಟ್ಟಿ ಹ್ಯೂ ಮನ್ರೊ ಎಂಬಾತನದು. 3,000 ಅಡಿ ದಾಟಿದ ಸ್ಕಾಟ್ಲೆಂಡಿನ ಬೆಟ್ಟಗಳನ್ನೆಲ್ಲ ಆತ 1891ರಲ್ಲಿ ಪಟ್ಟಿ ಮಾಡಿ ಅಚ್ಚು ಹಾಕಿಸಿದ. ಹತ್ತು ವರ್ಷಕ್ಕೆ ರಾಬರ್ಟ್‌ಸನ್ ಎಂಬ ಪಾದ್ರಿ ಎಲ್ಲವನ್ನೂ ಹತ್ತಿ ಮುಗಿಸಿದನೆಂದು ಸುದ್ದಿಯಾಯಿತು. ಅಂದಿನಿಂದ ಹತ್ತಿದ ಶಿಖರಕ್ಕೆ ಗೀಟು ಎಳೆಯುತ್ತಾ ಹೋಗುವ ಚಟ ಅಲ್ಲಿ ತಲೆಮಾರುಗಳನ್ನು ದಾಟಿ ಬಂದಿದೆ. ಪಟ್ಟಿ ಮಾಡಿದವನೇ ಅದನ್ನು ಪೂರೈಸದೆ 1919ರಲ್ಲಿ ತೀರಿಕೊಂಡ.

ಈ ಚಟದ ಗಟ್ಟಿ ಪರೀಕ್ಷೆ ನಡೆಯುವುದು ಫಿಶರ್‌ಫೀಲ್ಡ್ ಸೀಮೆಯಲ್ಲಿ. ಡಂಡನೆಲ್ ಬಳಿಯ ಕಾರಿ ಹ್ಯಾಲಿ ಎಂಬಲ್ಲಿ ಡಾಂಬರು ರಸ್ತೆ ಬಿಟ್ಟರೆ ಮುಂದೆ ಊರಿಲ್ಲ, ಅಂಗಡಿಯಿಲ್ಲ, ಫೋನಿಗೆ ಸಿಗ್ನಲ್ ಸಿಕ್ಕರೆ ಪುಣ್ಯ. ನಡುವೆ ಶೆನವಾಲ್ ಎಂಬ ಒಂಟಿ ಕಲ್ಲುಮನೆ. ಬಾಡಿಗೆಯಿಲ್ಲ, ಯಾರು ಬೇಕಾದರೂ ತಂಗಬಹುದು. ಅದರಾಚೆ ಎರಡು ನದಿ, ಎರಡರ ಆಚೆ ಬೆಟ್ಟಗಳ ಅರ್ಧವೃತ್ತ. ಒಂದೇ ದಿನದಲ್ಲಿ, ಒಬ್ಬನೇ, ಎಲ್ಲವನ್ನೂ ಸುತ್ತಿ ರಸ್ತೆಗೆ ಮರಳುವುದೆಂದರೆ ಮೂವತ್ತು ಕಿಲೋಮೀಟರಿಗೂ ಮೀರಿದ ನಡಿಗೆ, 2,000 ಮೀಟರಿಗೂ ಹೆಚ್ಚಿನ ಏರು.

ಎತ್ತರದ ಅಂಕಿ ನೋಡಿ ನಮ್ಮವರು ನಗಬಹುದು. ಇಲ್ಲಿನ ಅತಿ ಎತ್ತರದ ಶಿಖರವೂ 1,020 ಮೀಟರ್ ಮುಟ್ಟುವುದಿಲ್ಲ. ಮುಳ್ಳಯ್ಯನಗಿರಿ 1,900 ಮೀಟರ್ ದಾಟಿದೆ. ಆದರೆ ಮುಳ್ಳಯ್ಯನಗಿರಿಯ ಮೆಟ್ಟಿಲ ಬುಡದವರೆಗೆ ಜೀಪು ಹೋಗುತ್ತದೆ. ಇಲ್ಲಿ ಹೊರಡುವುದೇ ಸಮುದ್ರ ಮಟ್ಟದ ಹತ್ತಿರದಿಂದ, ಹತ್ತಿದ್ದನ್ನು ಇಳಿದು ಮತ್ತೆ ಹತ್ತಬೇಕು. ಕುಮಾರ ಪರ್ವತದ ದಾರಿಯಲ್ಲಿ ಶೇಷ ಪರ್ವತವನ್ನೇ ತುದಿಯೆಂದು ನಂಬಿ ಮೋಸಹೋದವರಿಗೆ ಈ ಸಂಕಟ ಗೊತ್ತು. ಅದನ್ನು ಐದಾರು ಸಲ ಗುಣಿಸಿಕೊಳ್ಳಿ.

ಈ ಸುತ್ತಿನ ಕಟ್ಟೋಣ ಮಾತ್ರ ಸೊಗಸಾದದ್ದು. ಸ್ಗೂರ್ ಬಾನ್ ಹೆಸರಿಗೆ ತಕ್ಕಂತೆ ಬಿಳಿ: ಬೆಣಚುಕಲ್ಲಿನ ಚಕ್ಕೆಗಳು ಕಾಲಿಟ್ಟಲ್ಲೆಲ್ಲ ಜಾರಿ, ಒಡೆದ ಪಿಂಗಾಣಿಯಂತೆ ಸದ್ದು ಮಾಡುತ್ತವೆ. ಕೊನೆಯ ರುವ ಸ್ಟಾಕ್ ಮೋರ್ ಕೆಂಪು ಮರಳುಗಲ್ಲಿನದು. ಇವೆರಡರ ನಡುವೆ ಅ ವೈಚನ್, ಅಂದರೆ ಕನ್ಯೆ. ರಸ್ತೆಗೆ ಅತ್ಯಂತ ದೂರದ ಮನ್ರೊ ಎಂಬ ಹೆಸರು ಸಾಮಾನ್ಯವಾಗಿ ಇದಕ್ಕೇ. ಅದರ ಅಂಚಿನಲ್ಲಿ ನೆಲ ಥಟ್ಟನೆ ಮುಗಿದು, ಕೆಳಗೆ ಎರಡು ಸರೋವರ, ಅವುಗಳಾಚೆ ಸಮುದ್ರ ಕಾಣುತ್ತದೆ. ಮೊದಲ ಬೆಟ್ಟದಲ್ಲೇ ಈ ನೋಟ ಸಿಕ್ಕಿದ್ದರೆ ಫೋಟೊ ತೆಗೆದು ಮುಂದೆ ಹೋಗುತ್ತಿದ್ದೆವು. ಇಡೀ ದಿನದ ದಣಿವಿನ ಮೇಲೆ ಸಿಗುವುದರಿಂದ ಅಲ್ಲಿ ಕೂರುತ್ತೇವೆ. ಜೊತೆಗಾರರಿಲ್ಲದಿದ್ದರೆ ಇನ್ನೂ ಸ್ವಲ್ಪ ಹೊತ್ತು ಕೂರುತ್ತೇವೆ. ಒಂಟಿ ನಡಿಗೆಯ ಪರವಾಗಿ ನಾನು ಹೇಳಬಲ್ಲ ಮಾತು ಅಷ್ಟೇ, ಅದು ಸಣ್ಣದೇನಲ್ಲ.

ನನ್ನ ತಕರಾರು ಇರುವುದು 'ಒಂದೇ ದಿನ' ಎಂಬ ಹಟದ ಬಗ್ಗೆ. ಪಟ್ಟಿಯ ಶಿಖರಗಳೆಲ್ಲ ಮುಗಿದ ಮೇಲೆ, ಮೊಣಕಾಲು ಸೋತ ಹೊತ್ತಿನಲ್ಲಿ, ಆ ಎರಡು ನದಿಗಳು ಮತ್ತೆ ಎದುರಾಗುತ್ತವೆ. ಬೆಳಿಗ್ಗೆ ಮೊಣಕಾಲು ತೋಯದಂತೆ ದಾಟಿದ ನೀರು, ಮೇಲೆ ಮಳೆ ಹೊಡೆದಿದ್ದರೆ ಸಂಜೆಗೆ ಸೊಂಟಕ್ಕೆ ಬಂದು ಕಂದುಬಣ್ಣದಲ್ಲಿ ನುಗ್ಗುತ್ತಿರುತ್ತದೆ. ಆಚೆ ದಡದಲ್ಲಿ ಶೆನವಾಲ್‌ನ ಮಾಡು ಕಣ್ಣಿಗೆ ಕಾಣುತ್ತದೆ. ಗುಂಪಿದ್ದರೆ ತೋಳಿಗೆ ತೋಳು ಸೇರಿಸಿ ದಾಟಬಹುದು, ಕನಿಷ್ಠ ಒಬ್ಬರಾದರೂ 'ಬೇಡ' ಅನ್ನುತ್ತಾರೆ. ಒಂಟಿಯವನು ಆ 'ಬೇಡ'ವನ್ನೂ ತಾನೇ ಹೇಳಿಕೊಳ್ಳಬೇಕು. ಆಗ ಜಾಣತನವೆಂದರೆ ದಡದಲ್ಲೇ ನುಸಿಗಳಿಗೆ ರಕ್ತ ಕೊಡುತ್ತಾ ನೀರು ಇಳಿಯುವವರೆಗೆ ಕಾಯುವುದು. ಗಡಿಯಾರ ನೋಡಿ ಹೊರಟವನಿಗೆ ಅದು ಸೋಲಿನಂತೆ ಕಾಣುತ್ತದೆ, ಅಪಾಯವಿರುವುದು ಅಲ್ಲೇ. ಜೂನ್ ತಿಂಗಳಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುವ ಸೀಮೆಯಲ್ಲಿ ಒಂದು ದಿನದ ಲೆಕ್ಕ ಹಾಕುವುದು ತಪ್ಪಲ್ಲ. ಆದರೆ ಚೀಲದಲ್ಲಿ ಒಂದು ರಾತ್ರಿಗೆ ಜಾಗವಿಲ್ಲದ ಆ ಒಂದು ದಿನ ಬರೀ ಜಂಬ.

ಜಂಬಕ್ಕೆ ಬೆಲೆ ತೆರುವವರೂ ಬೇರೆಯವರೇ. ಅಲ್ಲಿನ ಪರ್ವತ ರಕ್ಷಣಾ ತಂಡದವರು ಸಂಬಳವಿಲ್ಲದ ಸ್ವಯಂಸೇವಕರು; ಕರೆ ಬಂದರೆ ತಮ್ಮ ಕೆಲಸ ಬಿಟ್ಟು ಹೊರಡುತ್ತಾರೆ, ಕಾಸು ಕೇಳುವುದಿಲ್ಲ. ನಮ್ಮ ಕುದುರೆಮುಖಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅಲ್ಲಿ 2003ರ ಭೂಸುಧಾರಣಾ ಕಾಯ್ದೆ, ಹೊಣೆಯರಿತು ನಡೆದರೆ ಸಾಕು ಎಂದು, ಖಾಸಗಿ ಎಸ್ಟೇಟುಗಳ ಬೆಟ್ಟವನ್ನೂ ಎಲ್ಲರಿಗೂ ತೆರೆದಿಟ್ಟಿದೆ. ತಡೆಯುವ ಗಾರ್ಡ್ ಇಲ್ಲದ ಕಡೆ ಗಾರ್ಡ್ ಕೆಲಸವೂ ನಡೆಯುವವನ ತಲೆಗೇ ಬರುತ್ತದೆ.

ಹಾಗಾದರೆ ಪಟ್ಟಿ ಕೆಟ್ಟದ್ದೇ? ಇಲ್ಲ. ಅದಿಲ್ಲದಿದ್ದರೆ ಈ ಮೂಲೆಗೆ ಇಷ್ಟು ಜನ ಬರುತ್ತಲೇ ಇರಲಿಲ್ಲ. ಅದು ಕರೆತರುತ್ತದೆ, ನಡೆಯುವುದನ್ನು ಕಲಿಸುವುದಿಲ್ಲ. ಅದಕ್ಕೆ ನದಿಯ ಲೆಕ್ಕವಿಲ್ಲ, ಕಾಯುವುದರ ಲೆಕ್ಕವಿಲ್ಲ. ಬೆನ್ ಅ ಖ್ಲಾಯ್‌ನ ಲೆಕ್ಕವೂ ಈಗ ಇಲ್ಲ.

ಬೆಳಗಿನ ಜಾವ ಶೆನವಾಲ್‌ನಿಂದ ಹೊರಟು ನದಿ ದಾಟಿದವನಿಗೆ ಮೊದಲು ಎದುರಾಗುವುದು ಅದೇ ಬೆಟ್ಟ. ಕಡಿದಾದ ಹುಲ್ಲಿನ ಏರು, ಕೈಯೂರಿ ಹತ್ತಬೇಕು. ಬಳಸಿ ಹೋದರೆ ಪಟ್ಟಿಯ ಐದೂ ಸಿಗುತ್ತವೆ, ಹೊತ್ತೂ ಉಳಿಯುತ್ತದೆ, ಯಾರೂ ಕೇಳುವುದಿಲ್ಲ. ಆದರೂ ಅಲ್ಲಿನ ಹಳೆಯ ನಡಿಗೆಯವರ ಬಾಯಲ್ಲಿ ಈ ಸುತ್ತು ಇಂದಿಗೂ 'ಫಿಶರ್‌ಫೀಲ್ಡಿನ ಆರು'. ಅವರಿಗೆ ಎಣಿಸಲು ಬಾರದೆ ಅಲ್ಲ.