ಸದ್ಯಶ್ಚಿತ್ರದ ಸೊಗಸೂ ಸಂಕಟವೂ

ಯಂತ್ರದ ನೆರವಿನಿಂದ ಹುಟ್ಟಿದುದನ್ನು ಕಲೆಯೆಂದು ಕರೆಯಬಹುದೇ ಎಂಬ ವಾದವು ಛಾಯಾಚಿತ್ರದಷ್ಟೇ ಹಳೆಯದು. ಆ ವಾದವು ಈಗ ಬಹುಮಟ್ಟಿಗೆ ತೀರಿಹೋಗಿದೆ. ಛಾಯಾಚಿತ್ರವು ವಸ್ತುಸಂಗ್ರಹಾಲಯಗಳಲ್ಲಿ ವರ್ಣಚಿತ್ರದ ಮಗ್ಗುಲಲ್ಲಿಯೇ ನೆಲಸಿದೆ. ಆದರೆ ಅದೇ ಕುಲದ ಒಂದು ಕವಲು ಮಾತ್ರ ಇನ್ನೂ ಹೊಸ್ತಿಲಿನಾಚೆ ನಿಂತಿರುವಂತೆ ತೋರುತ್ತದೆ. ಗುಂಡಿಯನ್ನೊತ್ತಿದೊಡನೆ ಕ್ಯಾಮರಾದ ಬಾಯಿಂದ ಹೊರಬಂದು, ನೋಡುವವನ ಕೈಯಲ್ಲಿಯೇ ಮೆಲ್ಲಮೆಲ್ಲನೆ ಮೂಡುವ ಚಿತ್ರವೇ ಅದು. ‘ಇನ್‌ಸ್ಟಂಟ್ ಫೋಟೋ’ ಎಂಬುದು ಅದರ ರೂಢನಾಮ. ಕನ್ನಡದಲ್ಲಿ ‘ಸದ್ಯಶ್ಚಿತ್ರ’ವೆಂದರೆ ಸಲ್ಲಬಹುದು. ಅದು ಮದುವೆಮನೆಯ ವಿನೋದ, ಹುಟ್ಟುಹಬ್ಬದ ಆಟಿಕೆ ಎಂದು ಎಣಿಸುವವರೇ ಹೆಚ್ಚು. ಆ ಎಣಿಕೆ ಎಷ್ಟರಮಟ್ಟಿಗೆ ಸರಿ, ಇಂದು ಈ ವಿದ್ಯೆಯನ್ನು ಕೈಗೆತ್ತಿಕೊಳ್ಳುವವರಿಗೆ ದೊರೆಯುವ ಸುಖವೇನು, ಅವರು ತೆರಬೇಕಾದ ಬೆಲೆಯೇನು ಎಂಬುದನ್ನು ವಿಚಾರಿಸುವುದು ಉಚಿತವಾಗಿದೆ.

ಈ ವಿದ್ಯೆಯ ಜನ್ಮಕಥೆ ಒಂದು ಮಗುವಿನ ಪ್ರಶ್ನೆಯಿಂದ ಮೊದಲಾಗುತ್ತದೆ. ೧೯೪೩ರಲ್ಲಿ ಅಮೆರಿಕದ ವಿಜ್ಞಾನಿ ಎಡ್ವಿನ್ ಲ್ಯಾಂಡ್ ಎಂಬಾತನು ಸಾಂಟಾ ಫೇ ಪಟ್ಟಣಕ್ಕೆ ಸಂಸಾರಸಮೇತನಾಗಿ ಹೋಗಿದ್ದಾಗ, ತೆಗೆದ ಚಿತ್ರವನ್ನು ಈಗಲೇ ಏಕೆ ನೋಡಲಾಗದೆಂದು ಅವನ ಮೂರು ವರ್ಷದ ಮಗಳು ಕೇಳಿದಳಂತೆ. ಆ ಪ್ರಶ್ನೆಯ ಉತ್ತರವು ೧೯೪೭ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ವಿದ್ವಾಂಸರ ಸಭೆಯಲ್ಲಿ ಪ್ರಕಟವಾಯಿತು. ೧೯೪೮ರ ನವೆಂಬರಿನಲ್ಲಿ ಬಾಸ್ಟನ್ ನಗರದ ಅಂಗಡಿಯೊಂದರಲ್ಲಿ ಮೊದಲ ಕ್ಯಾಮರಾ ಮಾರಾಟಕ್ಕೆ ಬಂದಿತು. ಆಗ ಚಿತ್ರವು ಕಂದುಬಣ್ಣದ್ದು. ಒಂದು ನಿಮಿಷ ಕಾದು ಹಾಳೆಯನ್ನು ಸುಲಿದು ತೆಗೆಯಬೇಕಾಗಿತ್ತು. ೧೯೬೩ರಲ್ಲಿ ಬಣ್ಣಗಳು ಬಂದುವು. ೧೯೭೨ರಲ್ಲಿ ‘ಎಸ್‌ಎಕ್ಸ್-೭೦’ ಎಂಬ ಮಡಿಸುವ ಕ್ಯಾಮರಾ ಬಂದ ಮೇಲೆ ಸುಲಿಯುವ ಕೆಲಸವೂ ತಪ್ಪಿತು. ಚಿತ್ರವು ತಾನೇ ಹೊರಬಂದು ಬೆಳಕಿನಲ್ಲಿಯೇ ಅರಳತೊಡಗಿತು.

ಬೆಳಕಿನಲ್ಲಿಯೇ ಅರಳುವುದೆಂಬ ಮಾತು ಮೇಲುನೋಟಕ್ಕೆ ಅಸಂಗತ. ಫಿಲ್ಮನ್ನು ತೊಳೆಯುವುದಕ್ಕೆ ಕತ್ತಲೆಯ ಕೋಣೆ ಬೇಕೆಂಬುದನ್ನು ಎಲ್ಲರೂ ಬಲ್ಲರು. ಲ್ಯಾಂಡನ ಪ್ರತಿಭೆಯಿದ್ದುದು ಆ ಕತ್ತಲೆಯ ಕೋಣೆಯನ್ನು ಚಿತ್ರದೊಳಗೇ ಅಡಗಿಸಿಟ್ಟುದರಲ್ಲಿ. ಚಿತ್ರದ ಕೆಳಗಿನ ಅಗಲವಾದ ಬಿಳಿಯ ಅಂಚಿನಲ್ಲಿ ರಾಸಾಯನಿಕ ದ್ರವದ ಪುಟ್ಟ ಚೀಲವೊಂದಿರುತ್ತದೆ. ಚಿತ್ರವು ಹೊರಬರುವಾಗ ಎರಡು ಉರುಳೆಗಳು ಆ ಚೀಲವನ್ನು ಒಡೆದು ದ್ರವವನ್ನು ಸಮನಾಗಿ ಹರಡುತ್ತವೆ. ಅದರಲ್ಲಿ ಬೆರೆತಿರುವ ವರ್ಣದ್ರವ್ಯವು ಕ್ಷಾರದ ತೀಕ್ಷ್ಣತೆಯಿರುವವರೆಗೆ ಬೆಳಕನ್ನು ತಡೆಯುವ ತೆರೆಯಾಗಿರುತ್ತದೆ. ಕೆಲಸ ಮುಗಿದು ಕ್ಷಾರವು ಇಳಿದಂತೆ ತಾನೇ ಬಣ್ಣಗೆಟ್ಟು ಮಾಯವಾಗುತ್ತದೆ. ತೆರೆ ಸರಿದಾಗ ಚಿತ್ರವು ಕಾಣುತ್ತದೆ. ಜನರು ಅಲಂಕಾರವೆಂದು ಭಾವಿಸುವ ಆ ಬಿಳಿಯ ಅಂಚು ಹೀಗೆ ಅಲಂಕಾರವೇ ಅಲ್ಲ; ಅದು ಚಿತ್ರದ ಗರ್ಭಕೋಶ. ಪ್ರಯೋಜನದಿಂದ ಹುಟ್ಟಿದ ಆಕಾರವೇ ಸೊಗಸಾಗಿ ಪರಿಣಮಿಸಿರುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಅಪರೂಪ.

ಇಂತಹ ವಿದ್ಯೆಯೂ ಸಾಯುವ ಸ್ಥಿತಿಗೆ ಬಂದಿತ್ತು. ಡಿಜಿಟಲ್ ಕ್ಯಾಮರಾಗಳ ಪ್ರವಾಹದಲ್ಲಿ ಪೋಲರಾಯ್ಡ್ ಸಂಸ್ಥೆಯು ೨೦೦೮ರಲ್ಲಿ ಫಿಲ್ಮಿನ ತಯಾರಿಕೆಯನ್ನು ನಿಲ್ಲಿಸುವುದಾಗಿ ಸಾರಿತು. ಆಗ ನೆದರ್ಲೆಂಡ್ಸಿನ ಎನ್ಸ್‌ಖೆಡೆ ಎಂಬ ಊರಿನ ಕಾರ್ಖಾನೆಯ ಯಂತ್ರಗಳನ್ನು ಕೆಲವರು ಆಸಕ್ತರು ಕೊಂಡರು. ತಮ್ಮ ಉದ್ಯಮಕ್ಕೆ ‘ಅಸಾಧ್ಯ’ ಎಂಬರ್ಥದ ಹೆಸರನ್ನೇ ಇಟ್ಟರು. ಯಂತ್ರಗಳೇನೋ ದೊರೆತುವು, ಆದರೆ ಹಿಂದಿನ ರಾಸಾಯನಿಕ ದ್ರವ್ಯಗಳು ಲಭ್ಯವಿರಲಿಲ್ಲ. ಪಾಕವನ್ನು ಹೊಸದಾಗಿಯೇ ಕಂಡುಹಿಡಿಯಬೇಕಾಯಿತು. ೨೦೧೦ರಲ್ಲಿ ಅವರ ಮೊದಲ ಫಿಲ್ಮು ಹೊರಬಂದಿತು. ಆ ಉದ್ಯಮವೇ ಬೆಳೆದು, ೨೦೨೦ರಿಂದ ಪೋಲರಾಯ್ಡ್ ಎಂಬ ಹಳೆಯ ಹೆಸರನ್ನು ಧರಿಸಿದೆ. ಇತ್ತ ಜಪಾನಿನ ಫ್ಯೂಜಿ ಸಂಸ್ಥೆಯು ೧೯೯೮ರಲ್ಲಿ ಆರಂಭಿಸಿದ ‘ಇನ್‌ಸ್ಟ್ಯಾಕ್ಸ್’ ಎಂಬ ಚಿಕ್ಕ ಚಿತ್ರಗಳ ಪದ್ಧತಿಯು ಹೆಚ್ಚು ಸ್ಥಿರವಾದುದು, ಹೆಚ್ಚು ಅಗ್ಗವಾದುದು. ನಮ್ಮ ದೇಶದಲ್ಲಿ ಸುಲಭವಾಗಿ ದೊರೆಯುವುದೂ ಅದೇ.

ಇನ್ನು ಸಂಕಟಗಳು. ಮೊದಲನೆಯದು ಬೆಲೆ. ಇಂದಿನ ಪೋಲರಾಯ್ಡ್ ಫಿಲ್ಮಿನ ಪೆಟ್ಟಿಗೆಯಲ್ಲಿರುವುದು ಎಂಟೇ ಚಿತ್ರಗಳು. ಹಿಂದೆ ಹತ್ತು ಇರುತ್ತಿದ್ದುವು. ತಯಾರಾದ ಒಂದು ವರ್ಷದೊಳಗೆ ಅದನ್ನು ಬಳಸಿಬಿಡಬೇಕು. ಎರಡನೆಯದು ಬೆಳಕಿನ ಕಟ್ಟುಪಾಡು. ಕಣ್ಣು ಏಕಕಾಲದಲ್ಲಿ ಗ್ರಹಿಸುವ ಬಿಸಿಲು ನೆರಳುಗಳನ್ನು ಈ ಫಿಲ್ಮು ಗ್ರಹಿಸಲಾರದು. ಬಿಸಿಲನ್ನು ಉಳಿಸಿಕೊಂಡರೆ ನೆರಳು ಮಸಿಯಾಗುತ್ತದೆ, ನೆರಳನ್ನು ಉಳಿಸಿಕೊಂಡರೆ ಬಿಸಿಲು ಬರಿಯ ಬಿಳುಪಾಗುತ್ತದೆ. ಮೂರನೆಯದು ಹವೆ. ಹದಿಮೂರರಿಂದ ಇಪ್ಪತ್ತೆಂಟು ಡಿಗ್ರಿ ಸೆಂಟಿಗ್ರೇಡಿನ ನಡುವೆ ಮಾತ್ರ ಪೋಲರಾಯ್ಡ್ ಚಿತ್ರವು ನೆಟ್ಟಗೆ ಮೂಡುವುದೆಂದು ತಯಾರಕರೇ ಹೇಳುತ್ತಾರೆ. ಚಳಿ ಹೆಚ್ಚಾದರೆ ಚಿತ್ರವು ಬಿಳಿಚಿ ನೀಲಿಗೆ ತಿರುಗುತ್ತದೆ. ಸೆಕೆ ಹೆಚ್ಚಾದರೆ ಹಳದಿಗೋ ಕೆಂಪಿಗೋ ವಾಲುತ್ತದೆ. ಬೇಸಗೆಯಲ್ಲಿ ನಲವತ್ತನ್ನು ಮೀರುವ ರಾಯಚೂರು ಕಲಬುರಗಿಗಳ ಬಿಸಿಲಿನಲ್ಲಿ ಇದನ್ನು ಹಿಡಿದು ಹೊರಟವನ ಪಾಡನ್ನು ವಾಚಕರೇ ಊಹಿಸಬಹುದು. ಫಿಲ್ಮನ್ನು ರೆಫ್ರಿಜರೇಟರಿನಲ್ಲಿಟ್ಟು ಕಾಪಾಡಬೇಕು. ತೆಗೆಯುವ ಹೊತ್ತಿಗೆ ತಂಪು ಬಿಡಿಸಬೇಕು. ಚಿತ್ರವು ಹೊರಬಂದೊಡನೆ ಬೆಳಕಿಗೆ ಮರೆಮಾಡಿ ಕವುಚಿಟ್ಟು ಕಾಯಬೇಕು. ಬಣ್ಣದ ಚಿತ್ರವು ಪೂರ್ಣವಾಗಿ ಮೂಡುವುದಕ್ಕೆ ಹತ್ತು ಹದಿನೈದು ನಿಮಿಷಗಳೇ ಬೇಕು. ಇದರ ಮೇಲೆ, ನೆಗೆಟಿವ್ ಎಂಬುದು ಬೇರೆಯಾಗಿ ಇಲ್ಲದಿರುವುದರಿಂದ ಕೆಟ್ಟುದನ್ನು ತಿದ್ದುವಂತಿಲ್ಲ.

ಹಾಗಾದರೆ ಇದರಲ್ಲಿ ‘ಸದ್ಯಃ’ ಎಂಬುದು ಎಲ್ಲಿ ಉಳಿಯಿತು? ಜೇಬಿನಲ್ಲಿರುವ ಫೋನು ಕಣ್ಣೆವೆಯಿಕ್ಕುವುದರೊಳಗೆ ಚಿತ್ರವನ್ನು ತೋರಿಸುತ್ತಿರುವಾಗ, ಕಾಲು ಗಂಟೆ ಕಾಯಿಸುವ ಫಿಲ್ಮನ್ನು ಶೀಘ್ರವೆಂದು ಕರೆಯುವುದು ವಿಡಂಬನೆಯಲ್ಲವೇ? ಆಕ್ಷೇಪವು ನ್ಯಾಯವಾದುದೇ. ೧೯೪೮ರಲ್ಲಿ ಈ ವಿದ್ಯೆಯ ಹಿರಿಮೆಯಾಗಿದ್ದ ವೇಗವು ಇಂದು ಅದರ ಹಿರಿಮೆಯಾಗಿ ಉಳಿದಿಲ್ಲ. ಆದರೆ ನಮ್ಮ ಲಾಕ್ಷಣಿಕರಲ್ಲಿ ಮಮ್ಮಟನು ಕಾವ್ಯದ ಪ್ರಯೋಜನಗಳನ್ನು ಎಣಿಸುವಾಗ, ಓದಿದೊಡನೆ ಲಭಿಸುವ ಪರಮಾನಂದವನ್ನು ಅವುಗಳಲ್ಲಿ ಒಂದಾಗಿ ಹೇಳಿದ್ದಾನೆ. ಅಲ್ಲಿ ‘ಒಡನೆ’ ಎಂದರೆ ಬೇಗನೆ ಎಂದಷ್ಟೇ ಅಲ್ಲ. ಅನುಭವಕ್ಕೂ ಆನಂದಕ್ಕೂ ನಡುವೆ ಮತ್ತೊಂದು ವಸ್ತುವು ಅಡ್ಡಬಾರದಿರುವಿಕೆ. ಸದ್ಯಶ್ಚಿತ್ರದ ಸುಖವೂ ಅದೇ ಜಾತಿಯದು. ಕಂಡ ವಸ್ತುವೂ ಮೂಡುತ್ತಿರುವ ಚಿತ್ರವೂ ಒಂದೇ ಹೊತ್ತಿನಲ್ಲಿ, ಒಂದೇ ಸ್ಥಳದಲ್ಲಿ, ಎದುರುಬದುರಾಗಿ ಇರುತ್ತವೆ. ಚಿತ್ರದಲ್ಲಿರುವವರೂ ಚಿತ್ರವನ್ನು ತೆಗೆದವರೂ ಒಟ್ಟಿಗೆ ಬಗ್ಗಿ ಅದರ ಮೂಡಣವನ್ನು ಕಾಯುತ್ತಾರೆ. ಫೋನಿನ ಸಾವಿರ ಚಿತ್ರಗಳಿಗೆ ಸಾಕ್ಷಿಗಳಿಲ್ಲ. ಈ ಒಂದು ಚಿತ್ರಕ್ಕೆ ಬಾಣಂತಿಕೋಣೆಯ ಹೊರಗೆ ನಿಂತವರಂತಹ ಬಂಧುಗಳಿರುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಇಂದಿನ ಉತ್ಸಾಹಿಗಳಲ್ಲಿ ಹಲವರು ಈ ಫಿಲ್ಮಿನ ದೋಷಗಳನ್ನೇ ಗುಣಗಳೆಂದು ಕೊಂಡಾಡುತ್ತಾರೆ. ದ್ರವವು ಸಮನಾಗಿ ಹರಡದೆ ಬಿದ್ದ ಕಲೆ, ಸೆಕೆಯಿಂದ ಬಂದ ಕೆಂಪು, ಬೆಳಕು ಸೋರಿದ ಗೆರೆ ಇವುಗಳಿದ್ದರೆ ಸಾಕು, ಚಿತ್ರವು ಕಾವ್ಯಮಯವಾಯಿತೆಂಬ ಭ್ರಾಂತಿ ಹರಡಿದೆ. ಆನಂದವರ್ಧನನು ಧ್ವನಿಯಿಲ್ಲದ ಕಾವ್ಯವನ್ನು ‘ಚಿತ್ರ’ವೆಂದು ಕರೆದು ಕೆಳಗಿರಿಸಿದನು, ಆ ಅರ್ಥದಲ್ಲಿ ಇವು ಬರಿಯ ‘ಚಿತ್ರ’ಗಳೇ. ದೋಷವು ತಾನಾಗಿ ಗುಣವಾಗದು. ಅದು ಭಾವಕ್ಕೆ ಒದಗಿದಾಗ ಮಾತ್ರ ಔಚಿತ್ಯವನ್ನು ಪಡೆಯುತ್ತದೆ. ಈ ವಿವೇಕವನ್ನು ಕಲಿಯುವುದಕ್ಕೆ ಮೂವರು ಹಿರಿಯರ ಕೃತಿಗಳನ್ನು ನೋಡಬೇಕು.

ಮೊದಲನೆಯವನು ವಾಕರ್ ಇವಾನ್ಸ್. ೧೯೩೦ರ ದಶಕದ ಅಮೆರಿಕದ ಬಡ ರೈತರ ಬಾಳನ್ನು ಭಾರವಾದ ದೊಡ್ಡ ಕ್ಯಾಮರಾದಿಂದ ಕಡೆದಿಟ್ಟವನು ಇವನು. ೧೯೭೩ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಎಸ್‌ಎಕ್ಸ್-೭೦ ಅನ್ನು ಹಿಡಿದು, ೧೯೭೫ರಲ್ಲಿ ತೀರಿಕೊಳ್ಳುವುದರೊಳಗೆ ಎರಡು ಸಾವಿರಕ್ಕೂ ಮಿಕ್ಕ ಚಿತ್ರಗಳನ್ನು ತೆಗೆದನು. ತಯಾರಕರು ಅವನಿಗೆ ಬೇಕಾದಷ್ಟು ಫಿಲ್ಮನ್ನು ಒದಗಿಸಿದ್ದರೆಂಬುದನ್ನು ಇಂದಿನ ಬಡ ಹವ್ಯಾಸಿ ಮರೆಯಬಾರದು. ಅವನು ಕಂಡುದು ರಸ್ತೆಯ ಮೇಲಿನ ಬಾಣದ ಗುರುತುಗಳು, ಬೋರ್ಡುಗಳ ಬಿಡಿ ಅಕ್ಷರಗಳು, ಸ್ನೇಹಿತರ ಮುಖಗಳು. ವಿಸ್ತಾರವನ್ನು ಬಿಟ್ಟು ತುಣುಕನ್ನು ಹಿಡಿದುದರಿಂದ ಚೌಕದ ಚಿಕ್ಕತನವು ಅವನಿಗೆ ತೊಡಕಾಗಲಿಲ್ಲ. ಅದು ಅವನ ದೃಷ್ಟಿಗೆ ಛಂದಸ್ಸಾಯಿತು. ಅರವತ್ತು ದಾಟದವನು ಈ ಕ್ಯಾಮರಾವನ್ನು ಮುಟ್ಟಬಾರದೆಂಬುದು ಅವನ ಅಭಿಪ್ರಾಯವಾಗಿತ್ತಂತೆ. ಉಪಕರಣವು ಎಲ್ಲವನ್ನೂ ತಾನೇ ಮಾಡಿಬಿಡುವಾಗ, ಏನನ್ನು ನೋಡಬೇಕೆಂಬ ತಿಳಿವೊಂದೇ ಕಲಾವಿದನ ಪಾಲಿಗೆ ಉಳಿಯುತ್ತದೆ; ಆ ತಿಳಿವು ಬರುವುದು ತಡವಾಗಿಯೇ ಎಂಬುದು ಇದರ ತಾತ್ಪರ್ಯ.

ಎರಡನೆಯವನು ರಷ್ಯದ ಚಲನಚಿತ್ರಕಾರ ಆಂದ್ರೇ ತಾರ್ಕೋವ್‌ಸ್ಕಿ. ೧೯೭೦ರ ದಶಕದ ಕೊನೆಯಿಂದ ಕೆಲವು ವರ್ಷ ತನ್ನ ಹಳ್ಳಿಯ ಮನೆಯಲ್ಲಿಯೂ ಆಮೇಲೆ ಇಟಲಿಯಲ್ಲಿಯೂ ಅವನು ತೆಗೆದ ಚಿತ್ರಗಳು ಈಗ ಪುಸ್ತಕರೂಪದಲ್ಲಿ ಲಭ್ಯವಾಗಿವೆ. ಮಂಜು ಕವಿದ ಬಯಲು, ಬೇಲಿ, ನಾಯಿ, ಹೆಂಡತಿ, ಕಿಟಕಿಯ ಬೆಳಕು ಇಷ್ಟೇ ಅವುಗಳ ಸಾಮಗ್ರಿ. ೧೯೮೪ರಲ್ಲಿ ತಾನು ಸ್ವದೇಶಕ್ಕೆ ಮರಳುವುದಿಲ್ಲವೆಂದು ಸಾರಿದ ಅವನು ೧೯೮೬ರಲ್ಲಿ ಪ್ಯಾರಿಸಿನಲ್ಲಿ ಮಡಿದನು. ನೆರಳಿನಲ್ಲಿ ವಿವರಗಳನ್ನು ನುಂಗುವ, ಬಣ್ಣಗಳನ್ನು ಮಂಕುಗೊಳಿಸುವ ಈ ಫಿಲ್ಮಿನ ದೌರ್ಬಲ್ಯವು ಅವನ ಕೈಯಲ್ಲಿ, ಕಣ್ಣೆದುರಿಗೇ ಕೈತಪ್ಪುತ್ತಿರುವ ಮನೆಯ ಭಾವಕ್ಕೆ ಒದಗಿಬಂದಿದೆ. ಔಚಿತ್ಯವೆಂದರೆ ಇದು. ಅದೇ ಮಂಕನ್ನು ಉಪಾಹಾರಗೃಹದ ಕಾಫಿಯ ಲೋಟದ ಮೇಲೆ ಹೊದಿಸಿದರೆ ಬರಿಯ ಮಂಕು ಮಾತ್ರ ಉಳಿಯುತ್ತದೆ.

ಮೂರನೆಯವನು ಆಂದ್ರೆ ಕರ್ಟೇಸ್. ೧೮೯೪ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿ, ಪ್ಯಾರಿಸಿನಲ್ಲಿ ಹೆಸರಾಗಿ, ೧೯೩೬ರಿಂದ ನ್ಯೂಯಾರ್ಕಿನಲ್ಲಿ ನೆಲಸಿದವನು. ೧೯೭೭ರಲ್ಲಿ ಹೆಂಡತಿ ಎಲಿಜಬೆತ್ ತೀರಿಕೊಂಡಳು. ಶೋಕದಿಂದ ಕುಗ್ಗಿದ್ದ ಮುದುಕನಿಗೆ ಅಂಗಡಿಯೊಂದರಲ್ಲಿ ಗಾಜಿನ ಪುಟ್ಟ ಪ್ರತಿಮೆ ಕಾಣಿಸಿತು. ಅದರ ಕೊರಳೂ ಭುಜವೂ ಅವಳನ್ನು ನೆನಪಿಗೆ ತಂದುವು. ಅದನ್ನು ತಂದು ಮನೆಯ ಕಿಟಕಿಯಲ್ಲಿಟ್ಟು, ಬೆಳಗು ಬೈಗುಗಳ ಬೆಳಕಿನಲ್ಲಿ ಮತ್ತೆ ಮತ್ತೆ ಎಸ್‌ಎಕ್ಸ್-೭೦ರಿಂದ ಚಿತ್ರಗಳನ್ನು ತೆಗೆದನು. ಆ ಚಿತ್ರಗಳು ೧೯೮೧ರಲ್ಲಿ ಅವಳ ಹೆಸರಿಗೆ ಅರ್ಪಿತವಾದ ಪುಸ್ತಕವಾಗಿ ಬಂದುವು. ಗಾಜಿನ ಮೈಯಲ್ಲಿ ಆಕಾಶವೂ ನಗರದ ಕಟ್ಟಡಗಳೂ ತಲೆಕೆಳಗಾಗಿ, ಬಾಗಿ, ಕರಗಿ ಕಾಣುತ್ತವೆ. ವಸ್ತುವು ಎರಡು ಗೇಣು. ಧ್ವನಿಯಾದರೋ ಒಂದು ದಾಂಪತ್ಯದ ಇಡೀ ಆಯುಸ್ಸು. ಕರುಣರಸವು ಇಲ್ಲಿ ಕಣ್ಣೀರನ್ನು ತೋರಿಸದೆಯೇ ಸಿದ್ಧಿಸಿದೆ. ಮನೆಯಿಂದ ಹೊರಗೆ ಹೋಗಲಾರದ, ಕತ್ತಲೆಯ ಕೋಣೆಯಲ್ಲಿ ನಿಂತು ದುಡಿಯಲಾರದ ವೃದ್ಧನಿಗೆ ಈ ಕ್ಯಾಮರಾ ಒದಗದಿದ್ದರೆ ಆ ಚಿತ್ರಗಳು ಹುಟ್ಟುತ್ತಿರಲಿಲ್ಲ. ಆಟಿಕೆಯೆಂಬ ಮಾತಿಗೆ ಉತ್ತರವಾಗಿ ಈ ಒಂದು ಪುಸ್ತಕವೇ ಸಾಕು.

ಈ ಮೂವರಲ್ಲಿಯೂ ಸಮಾನವಾದ ಒಂದು ಅಂಶವಿದೆ: ತೆಗೆದುದನ್ನು ಅಳಿಸಲಾರೆನೆಂಬ ಒಪ್ಪಂದ. ಇತ್ತೀಚೆಗೆ, ೨೦೧೭ರಿಂದೀಚೆಗೆ, ಮೊದಲು ಪುಟ್ಟ ಪರದೆಯ ಮೇಲೆ ಚಿತ್ರವನ್ನು ನೋಡಿ, ಮೆಚ್ಚಿದುದನ್ನು ಮಾತ್ರ ಫಿಲ್ಮಿನ ಮೇಲೆ ಅಚ್ಚೊತ್ತುವ ಮಿಶ್ರ ಕ್ಯಾಮರಾಗಳು ಇನ್‌ಸ್ಟ್ಯಾಕ್ಸ್ ಪದ್ಧತಿಯಲ್ಲಿ ಬಂದಿವೆ. ಹಣ ಉಳಿಯುತ್ತದೆಂಬುದು ನಿಜ. ಗೃಹಸ್ಥನಿಗೆ ಅದು ಅಲ್ಪವಾದ ಲಾಭವಲ್ಲ. ಆದರೆ ಅಪಾಯವನ್ನು ತೆಗೆದಮೇಲೆ ಗಮನವೂ ಸಡಿಲವಾಗುತ್ತದೆ. ಎಂಟೇ ಚಿತ್ರಗಳಿರುವಾಗ ಕಣ್ಣು ಮೊದಲು ದುಡಿಯುತ್ತದೆ, ಬೆರಳು ಆಮೇಲೆ. ಸಾವಿರ ಚಿತ್ರಗಳಿರುವಾಗ ಬೆರಳು ಮುಂದು, ಕಣ್ಣು ಹಿಂದು. ಬಡತನವೇ ಗುಣವೆಂದು ಇದರ ಅರ್ಥವಲ್ಲ. ಷಟ್ಪದಿಯ ಮಾತ್ರೆಗಳು ಕವಿಗೆ ಹೇಗೋ, ಎಂಟರ ಎಣಿಕೆ ಈ ಕಲಾವಿದನಿಗೆ ಹಾಗೆ. ಮಾತ್ರೆಗಳು ಕಾವ್ಯವನ್ನು ಹುಟ್ಟಿಸಲಾರವು, ಸಡಿಲವಾದ ಮಾತನ್ನು ಮಾತ್ರ ತಡೆಯಬಲ್ಲವು.

ಆದಕಾರಣ ಈ ವಿದ್ಯೆಯ ಮೇಲೆ ತೀರ್ಪನ್ನು ಹೀಗೆ ಕೊಡಬಹುದು. ವಿವರದ ನಿಖರತೆಯಲ್ಲಿ ಸದ್ಯಶ್ಚಿತ್ರವು ಫೋನಿನ ಚಿತ್ರಕ್ಕೂ ಸೋಲುತ್ತದೆ. ವೆಚ್ಚದಲ್ಲಿ ಅದನ್ನು ಬಹುವಾಗಿ ಮೀರುತ್ತದೆ. ನಮ್ಮ ಬೇಸಗೆಗೆ ಅದು ಹೊಂದುವುದಿಲ್ಲ. ಮೆರವಣಿಗೆಯನ್ನೋ ದೇಗುಲದ ಕೆತ್ತನೆಯನ್ನೋ ದಾಖಲೆಯಾಗಿ ಉಳಿಸಬೇಕೆನ್ನುವವರು ಇದರ ಗೊಡವೆಗೆ ಹೋಗದಿರುವುದೇ ಲೇಸು. ಆದರೆ ಒಬ್ಬರ ಮುಖವನ್ನು ನಿಧಾನವಾಗಿ ನೋಡಿ, ಒಂದೇ ಒಂದು ಪ್ರತಿಯನ್ನು ತೆಗೆದು, ಅದನ್ನು ಅವರ ಕೈಗೇ ಕೊಟ್ಟುಬಿಡುವ ಮನಸ್ಸುಳ್ಳವರಿಗೆ ಇದಕ್ಕೆ ಸಮನಾದ ಸಾಧನವು ಬೇರೆ ಇಲ್ಲ. ನೆಗೆಟಿವ್ ಇಲ್ಲವೆಂಬ ಕೊರತೆಯೇ ಅಲ್ಲಿ ದಾನಕ್ಕೆ ಅರ್ಥವನ್ನು ಕೊಡುತ್ತದೆ. ಕೊಟ್ಟವನಲ್ಲಿ ಏನೂ ಉಳಿಯದಿದ್ದಾಗಲೇ ಅದು ಕೊಡುಗೆ.